ಕಿವುಡ ಮಕ್ಕಳ ಓದಿಗೆ ದೇಣಿಗೆ: ಯಾರಿಗೆ ಕೊಡೋದು, ಲೆಕ್ಕ ಹೇಗೆ ನೋಡೋದು?

"ಕಿವುಡ ಮಕ್ಕಳ ಓದಿಗೆ ಏನಾದರೂ ಕೊಡಬೇಕು ಅಂತ ಮನಸ್ಸಿದೆ. ದೊಡ್ಡ ಸಂಸ್ಥೆಗೆ ಕೊಡೋದಾ, ಸಣ್ಣ ಶಾಲೆಗಾ, ಒಂದು ಮಗುವಿನ ಖರ್ಚು ವಹಿಸಿಕೊಳ್ಳೋದಾ, ಇಲ್ಲ ಹಿಯರಿಂಗ್ ಏಡ್ ಕೊಡಿಸೋದಾ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಅದರ ಹಿಂದೆ ಇನ್ನೊಂದು ಪ್ರಶ್ನೆ ಇದೆ. ಅದನ್ನು ಬಹಳ ಜನ ಬಾಯಿಬಿಟ್ಟು ಕೇಳುವುದಿಲ್ಲ. ಕೊಟ್ಟ ದುಡ್ಡು ಮಕ್ಕಳಿಗೆ ಮುಟ್ಟುತ್ತಾ?

ಕೇಳಿ. ದಾನ ಕೊಟ್ಟ ಮೇಲೆ ಲೆಕ್ಕ ಕೇಳಬಾರದು ಅನ್ನುವ ಸಂಕೋಚ ಇಲ್ಲಿ ಬೇಡವೇ ಬೇಡ. ಬೇರೆ ಶಾಲೆಯಲ್ಲಿ ಪಾಠ ಸರಿಯಾಗಿ ನಡೆಯದಿದ್ದರೆ ಮಗು ಮನೆಗೆ ಬಂದು ಹೇಳುತ್ತದೆ. ಕಿವುಡ ಮಗುವಿಗೆ ಎಷ್ಟೋ ಸಲ ಮನೆಯವರ ಜೊತೆ ಮಾತಾಡೋಕೆ ಭಾಷೆಯೇ ಇರಲ್ಲ. ಅಮೆರಿಕದ ಅಧ್ಯಯನಗಳ ಪ್ರಕಾರ ಕಿವುಡ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಕಿವಿ ಕೇಳಿಸುವ ತಂದೆತಾಯಿಗೆ ಹುಟ್ಟಿದವರು. ಆ ತಂದೆತಾಯಿಗಳಲ್ಲಿ ಬಹಳಷ್ಟು ಜನರಿಗೆ ಸನ್ನೆ ಭಾಷೆ ಬರುವುದಿಲ್ಲ. ಹಾಗಾಗಿ ಶಾಲೆಯೊಳಗೆ ದುಡ್ಡು ದಾರಿ ತಪ್ಪಿದರೆ ಅದು ಹೊರಗೆ ಬರೋದು ತುಂಬಾ ತಡವಾಗಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಶ್ರವಣದೋಷಕ್ಕೆ ನೆರವು ಬೇಕಾದ ಮಕ್ಕಳೇ ಜಗತ್ತಿನಲ್ಲಿ 3 ಕೋಟಿ 40 ಲಕ್ಷ ಇದ್ದಾರೆ. ಅವರ ಪರವಾಗಿ ಲೆಕ್ಕ ಕೇಳುವವರು ಬೇಕು. ದಾನಿ ಆ ಕೆಲಸ ಮಾಡಬಹುದು.

ಯಾವ ದಾರಿ ಅಂತ ನೋಡುವ ಮೊದಲು ಯಾವುದನ್ನು ನೋಡಿ ಅಳೆಯಬೇಕು ಅನ್ನೋದು ಗೊತ್ತಿರಲಿ.

ಏನನ್ನು ನೋಡಬೇಕು

ಬಹಳ ಜನ ಒಂದೇ ಅಂಕಿ ನೋಡುತ್ತಾರೆ. ಆಡಳಿತ ವೆಚ್ಚ ಎಷ್ಟು ಪರ್ಸೆಂಟ್? ಕಡಿಮೆ ಇದ್ದರೆ ಒಳ್ಳೆಯ ಸಂಸ್ಥೆ, ಜಾಸ್ತಿ ಇದ್ದರೆ ಕೆಟ್ಟದ್ದು. ದಯವಿಟ್ಟು ಇದೊಂದರ ಮೇಲೆ ತೀರ್ಮಾನ ಮಾಡಬೇಡಿ. ದಾನಸಂಸ್ಥೆಗಳ ಬಗ್ಗೆ ಜನರಿಗೆ ಮಾಹಿತಿ ಕೊಡುವ ಅಮೆರಿಕದ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಮೂರೂ ಸೇರಿ 2013ರಲ್ಲಿ ದಾನಿಗಳಿಗೆ ಬಹಿರಂಗ ಪತ್ರ ಬರೆದು ಇದೇ ಮಾತು ಹೇಳಿದವು.

ಆ ಅಂಕಿಯನ್ನು ಚಂದ ಮಾಡಿ ತೋರಿಸೋದು ಸುಲಭ. ಯಾವುದೋ ಕಂಪನಿ ಒಂದಷ್ಟು ಹಿಯರಿಂಗ್ ಏಡ್ ಪುಕ್ಕಟೆ ಕೊಟ್ಟಿತು ಅಂದುಕೊಳ್ಳಿ. ಸಂಸ್ಥೆ ಅವನ್ನು ಮಾರುಕಟ್ಟೆಯ ಪೂರ್ತಿ ಬೆಲೆಗೆ ಹಿಡಿದು ಆದಾಯದಲ್ಲಿ ಬರೆಯುತ್ತದೆ, ಹಂಚಿದ ಮೇಲೆ ಅದೇ ಬೆಲೆಗೆ ಖರ್ಚಿನಲ್ಲೂ ಬರೆಯುತ್ತದೆ. 'ಮಕ್ಕಳಿಗಾಗಿ ಮಾಡಿದ ಖರ್ಚು' ದಿಢೀರ್ ಅಂತ ಉಬ್ಬುತ್ತದೆ, ಆಡಳಿತದ ಪಾಲು ತಾನಾಗಿ ಸಣ್ಣದಾಗುತ್ತದೆ. ನಗದು ಮಾತ್ರ ಮೊದಲು ಎಷ್ಟು ಹೋಗುತ್ತಿತ್ತೋ ಅಷ್ಟೇ. ದೇಣಿಗೆ ಕೇಳಿ ಕಳಿಸಿದ ಪತ್ರಗಳ ಖರ್ಚನ್ನು 'ಜನಜಾಗೃತಿ' ಅಂತ ಬರೆದು ಮಕ್ಕಳ ಲೆಕ್ಕಕ್ಕೆ ಸೇರಿಸುವವರೂ ಇದ್ದಾರೆ. ಅದಕ್ಕೇ, ವಸ್ತುರೂಪದಲ್ಲಿ ಬಂದದ್ದೆಷ್ಟು, ನಗದಾಗಿ ಬಂದದ್ದೆಷ್ಟು ಅಂತ ಬೇರೆ ಬೇರೆ ಕೇಳಿ.

ಮುಖ್ಯವಾಗಿ ಬೇಕಾದ್ದು ಆಡಿಟ್ ಆದ ಪೂರ್ತಿ ಲೆಕ್ಕ. ಮೂರು ವರ್ಷದ್ದಾದರೂ ಇರಲಿ, ಕೊನೆಯ ಟಿಪ್ಪಣಿಗಳ ಸಮೇತ. ವಾರ್ಷಿಕ ವರದಿಯಲ್ಲಿನ ಬಣ್ಣದ ಪೈ ಚಾರ್ಟ್ ಸಾಲದು. ಟ್ರಸ್ಟಿಗಳಿಗೆ ಸಾಲ ಕೊಟ್ಟಿದ್ದಾರಾ, ಟ್ರಸ್ಟಿಯ ಮನೆಯವರ ಕಟ್ಟಡಕ್ಕೆ ಶಾಲೆ ಬಾಡಿಗೆ ಕಟ್ಟುತ್ತಿದೆಯಾ, ಶಾಲೆಗೆ ಸಾಮಾನು ಸರಬರಾಜು ಮಾಡುವವರು ನೆಂಟರಾ ಅನ್ನೋದೆಲ್ಲ ಸಿಗೋದು ಆ ಸಣ್ಣ ಅಕ್ಷರದ ಟಿಪ್ಪಣಿಗಳಲ್ಲೇ. ಇವುಗಳಲ್ಲಿ ಯಾವುದೋ ಒಂದು ಇದೆ ಅಂದ ಮಾತ್ರಕ್ಕೆ ಮೋಸ ಅಂತಲ್ಲ. ತೆರೆದು ಬರೆದಿದ್ದಾರೆ, ಬಾಡಿಗೆ ನ್ಯಾಯವಾಗಿದೆ ಅಂದರೆ ಸರಿ. ಮುಚ್ಚಿಟ್ಟಿದ್ದರೆ ಅದು ಬೇರೆ ಮಾತು. ಆಡಿಟರ್ ಸಹಿ ಮಾಡಿದ ವರದಿಯನ್ನೂ ಓದಿ, ಏನಾದರೂ ಆಕ್ಷೇಪ ಇದ್ದರೆ ಅಲ್ಲೇ ಬರೆದಿರುತ್ತಾರೆ.

ಇನ್ನು ಸಂಬಳದ ಸಾಲು. "ನನ್ನ ದುಡ್ಡು ಸಂಬಳಕ್ಕೆ ಹೋಗಬಾರದು, ಮಕ್ಕಳಿಗೆ ಹೋಗಬೇಕು" ಅನ್ನುವವರು ಬಹಳ. ಕಿವುಡ ಮಕ್ಕಳ ಶಾಲೆಯಲ್ಲಿ ಸಂಬಳಕ್ಕೆ ಹೋದದ್ದೇ ಮಕ್ಕಳಿಗೆ ಹೋದದ್ದು. ತರಗತಿ ಸಣ್ಣದಿರಬೇಕು. ಪ್ರತಿ ಮಗುವಿಗೂ ಟೀಚರ್ ಕೈ, ಮುಖ ಕಾಣಬೇಕು, ಜೊತೆಯ ಮಕ್ಕಳ ಕೈಯೂ ಕಾಣಬೇಕು. ಅದಕ್ಕೇ ಅರ್ಧ ವೃತ್ತದಲ್ಲಿ ಕೂರಿಸುತ್ತಾರೆ. ಒಬ್ಬ ಟೀಚರ್ ಮುಂದೆ 40 ಮಕ್ಕಳನ್ನು ಸಾಲಾಗಿ ಕೂರಿಸಿದರೆ ಹಿಂದಿನ ಮಕ್ಕಳಿಗೆ ಪಾಠ ಇಲ್ಲ ಅಂತಲೇ ಅರ್ಥ. ಆದ್ದರಿಂದ ಒಳ್ಳೆಯ ಶಾಲೆಯ ಖರ್ಚಿನಲ್ಲಿ ದೊಡ್ಡ ಸಾಲು ಟೀಚರ್‌ಗಳ ಸಂಬಳವೇ ಆಗಿರಬೇಕು. ಕಟ್ಟಡ ಬೆಳೆಯುತ್ತಾ ಹೋಗಿ ಸಂಬಳ ಇದ್ದಲ್ಲೇ ಇದ್ದರೆ ಯಾಕೆ ಅಂತ ಕೇಳಿ. ಸಂಬಳ ಪಡೆಯುವವರಲ್ಲಿ ಕಿವುಡ ಟೀಚರ್‌ಗಳು ಎಷ್ಟು ಜನ ಅಂತಲೂ ಕೇಳಿ. ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ, ಸನ್ನೆ ಭಾಷೆ ಬಲ್ಲ ಟೀಚರ್‌ಗಳನ್ನು, ಅಂಗವೈಕಲ್ಯ ಇರುವ ಟೀಚರ್‌ಗಳನ್ನೂ ಸೇರಿಸಿ, ನೇಮಿಸಬೇಕು ಅನ್ನುತ್ತದೆ.

ಮತ್ತೊಂದು, ಮೀಸಲು ಹಣ. ಮೂರರಿಂದ ಆರು ತಿಂಗಳ ಖರ್ಚಿಗೆ ಆಗುವಷ್ಟು ಕೈಯಲ್ಲಿದ್ದರೆ ಆರಾಮ. ಏನೂ ಇಲ್ಲದಿದ್ದರೆ ಒಂದು ಅನುದಾನ ತಡವಾದರೂ ಟೀಚರ್‌ಗಳು ಬಿಟ್ಟು ಹೋಗುತ್ತಾರೆ. ಹಲವು ವರ್ಷಗಳ ಖರ್ಚಿನಷ್ಟು ಠೇವಣಿ ಇಟ್ಟುಕೊಂಡೂ "ಮಕ್ಕಳಿಗೆ ಊಟಕ್ಕಿಲ್ಲ" ಅಂತ ಪತ್ರ ಬರೆಯುವವರಿದ್ದರೆ ಆ ದುಡ್ಡು ಯಾತಕ್ಕೆ ಇಟ್ಟಿದ್ದಾರೆ ಅಂತ ಕೇಳುವ ಹಕ್ಕು ನಿಮಗಿದೆ.

ಕೊನೆಯದು ಲೆಕ್ಕದ ಪುಸ್ತಕದಲ್ಲಿ ಸಿಗದ ವಿಷಯ, ಆದರೆ ಲೆಕ್ಕಕ್ಕೆ ಅರ್ಥ ಬರುವುದು ಅದರಿಂದಲೇ. ಮಕ್ಕಳಿಗೆ ಭಾಷೆ ಬರುತ್ತಿದೆಯಾ? 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ ಸನ್ನೆ ಭಾಷೆ ಬೇಡ, ತುಟಿ ನೋಡಿ ಮಾತು ಕಲಿಸುವ ಪದ್ಧತಿಯೇ ಸಾಕು ಅಂತ ನಿರ್ಣಯ ಮಾಡಿತು. ಅದರ ಪರಿಣಾಮ ಎಷ್ಟೋ ದೇಶಗಳ ಶಾಲೆಗಳ ಮೇಲೆ ಹಲವು ದಶಕ ಇತ್ತು. ಆ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ಹೇಳಿದ್ದು ಅದೇ ಸರಣಿಯ ಸಮ್ಮೇಳನ 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದಾಗ. ಆ ದಶಕಗಳಲ್ಲಿ ಎಷ್ಟೋ ಶಾಲೆಗಳ ಲೆಕ್ಕ ಪೈಸೆ ಪೈಸೆಗೂ ತಾಳೆಯಾಗಿರಬಹುದು. ಆದರೂ ಅನೇಕ ಮಕ್ಕಳು ಪೂರ್ತಿಯಾಗಿ ಒಂದು ಭಾಷೆಯೂ ಬಾರದೆ ಶಾಲೆ ಮುಗಿಸಿದರು. ಹಾಗಾಗಿ ಎಷ್ಟು ಮಕ್ಕಳು ಸೇರಿದರು ಅನ್ನೋದರ ಜೊತೆಗೆ ಸನ್ನೆಯಲ್ಲಾಗಲಿ, ಮಾತಿನಲ್ಲಾಗಲಿ, ಎರಡರಲ್ಲೂ ಆಗಲಿ, ಎಷ್ಟು ಮಕ್ಕಳು ಒಂದು ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಬಂದರು ಅಂತ ಕೇಳಿ.

ಈಗ ಒಂದೊಂದೇ ದಾರಿ ನೋಡೋಣ.

ಹಲವು ಕಡೆ ಕೆಲಸ ಮಾಡುವ ದೊಡ್ಡ ಸಂಸ್ಥೆ

ಲೆಕ್ಕ ಸಿಗುವ ವಿಷಯದಲ್ಲಿ ಇವರದೇ ಮೇಲುಗೈ. ಆಡಿಟ್ ಸಮಯಕ್ಕೆ ಆಗಿರುತ್ತದೆ, ರಸೀದಿ ತಕ್ಷಣ ಬರುತ್ತದೆ, ದೂರು ಕೊಡೋಕೆ ಒಂದು ವ್ಯವಸ್ಥೆ ಇರುತ್ತದೆ. ಕೆಲವು ದೇಶಗಳಲ್ಲಿ ನೀವು ಅವರನ್ನು ಕೇಳಲೂ ಬೇಕಿಲ್ಲ. ಅಮೆರಿಕದಲ್ಲಿ ದಾನಸಂಸ್ಥೆಗಳು ತೆರಿಗೆ ಇಲಾಖೆಗೆ ವರ್ಷ ವರ್ಷ ಕೊಡುವ ಫಾರ್ಮ್ 990 ಸಾರ್ವಜನಿಕ ದಾಖಲೆ, ಮುಖ್ಯಸ್ಥರ ಸಂಬಳ ಕೂಡ ಅದರಲ್ಲಿರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಚಾರಿಟಿ ಕಮಿಷನ್‌ನ ರಿಜಿಸ್ಟರ್ ತೆರೆದರೆ ಲೆಕ್ಕ ತಡವಾಗಿ ಕೊಟ್ಟಿದ್ದರೆ ಅದೂ ಕಾಣುತ್ತದೆ. ಭಾರತದಲ್ಲಿ ಸಂಸ್ಥೆಗೆ ಆದಾಯ ತೆರಿಗೆಯ 80ಜಿ ಮಾನ್ಯತೆ ಇದೆ ಅಂದರೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗಬಹುದು ಅಂತಷ್ಟೇ. ಅದನ್ನು ಒಳ್ಳೆಯ ನಡತೆಯ ಸರ್ಟಿಫಿಕೇಟ್ ಅಂದುಕೊಳ್ಳಬೇಡಿ.

ತೊಂದರೆ ಇರೋದು ಒಳಗೆ. ಕಿವುಡ ಮಕ್ಕಳ ಓದು ಅವರ ಹತ್ತು ಕಾರ್ಯಕ್ರಮಗಳಲ್ಲಿ ಒಂದಾಗಿರುತ್ತದೆ. ಲೆಕ್ಕದಲ್ಲಿ 'ಶಿಕ್ಷಣ' ಅಂತ ಒಂದೇ ಸಾಲು. ಅದರಲ್ಲಿ ಕಿವುಡ ಮಕ್ಕಳ ಪಾಲೆಷ್ಟು ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಪೋಸ್ಟರ್ ಮೇಲೆ ಕಿವಿಗೆ ಮೆಷಿನ್ ಹಾಕಿಕೊಂಡ ಮಗುವಿನ ಫೋಟೋ, ದುಡ್ಡು ಹೋಗೋದು ಸಾಮಾನ್ಯ ನಿಧಿಗೆ. ಇದು ಕಾನೂನಿಗೆ ವಿರುದ್ಧ ಅಲ್ಲದಿರಬಹುದು, ಆದರೆ ನೀವು ಅಂದುಕೊಂಡಿದ್ದು ಅದಲ್ಲ ಅಲ್ವಾ? ಕೊಡುವಾಗಲೇ ಉದ್ದೇಶ ಬರೆದುಕೊಡಿ, ಕಿವುಡ ಮಕ್ಕಳ ವಿಭಾಗದ ಖರ್ಚನ್ನು ಬೇರೆಯಾಗಿ ತೋರಿಸಿ ಅಂತ ಕೇಳಿ. ತೋರಿಸಿದರೆ ಇದು ಒಳ್ಳೆಯ ಆಯ್ಕೆ. ವಿಚಾರಿಸೋಕೆ, ಹೋಗಿ ಬರೋಕೆ ಪುರುಸೊತ್ತಿಲ್ಲದವರಿಗಂತೂ ಇದೇ ಸರಿ.

ಒಂದೇ ಶಾಲೆ ನಡೆಸುವ ಸಣ್ಣ ಟ್ರಸ್ಟ್

ನನ್ನ ಒಲವು ಇತ್ತ ಕಡೆ. ಆದರೆ ಇಲ್ಲಿ ನೀವು ಶ್ರಮ ಪಡಬೇಕು.

ಸಣ್ಣ ಶಾಲೆಯ ಲೆಕ್ಕದಲ್ಲಿ ಎರಡು ಬಗೆಯ ಗೊಂದಲ ಇರುತ್ತದೆ, ಎರಡನ್ನೂ ಒಂದೇ ಅಂತ ನೋಡಿದರೆ ಅನ್ಯಾಯ. ಒಂದು, ಕೆಲಸಕ್ಕೆ ಕೈ ಸಾಲದೆ ಆಗುವ ಗೊಂದಲ. ಲೆಕ್ಕ ಬರೆಯೋಕೆ ಜನ ಇಲ್ಲ, ಮುಖ್ಯ ಶಿಕ್ಷಕಿಯೇ ಪಾಠ ಮುಗಿಸಿ ರಾತ್ರಿ ಕೂತು ವೋಚರ್ ಜೋಡಿಸುತ್ತಾರೆ, ಆಡಿಟ್ ತಡವಾಗುತ್ತದೆ. ಇನ್ನೊಂದು, ಬೇಕಂತಲೇ ಇಟ್ಟುಕೊಂಡ ಗೊಂದಲ. ದುಡ್ಡು ತೆಗೆಯೋಕೆ ಒಬ್ಬರ ಸಹಿ ಸಾಕು, ಟ್ರಸ್ಟಿಗಳೆಲ್ಲ ಒಂದೇ ಮನೆಯವರು, ಖರ್ಚು ಬಹುಪಾಲು ನಗದು, ಕೇಳಿದರೆ ಕೋಪ.

ಎರಡರ ವ್ಯತ್ಯಾಸ ಗೊತ್ತಾಗೋದು ಕೇಳಿದಾಗ ಹೇಗೆ ಉತ್ತರ ಕೊಡುತ್ತಾರೆ ಅನ್ನೋದರಿಂದ. ನಾನು ಎರಡು ಕಡೆ ಒಂದೇ ಪತ್ರ ಕಳಿಸಿದ್ದೆ. ಹೋದ ವರ್ಷ ಟೀಚರ್‌ಗಳ ಸಂಬಳಕ್ಕೆ ಎಷ್ಟಾಯ್ತು, ಹಿಯರಿಂಗ್ ಏಡ್ ರಿಪೇರಿಗೆ ಎಷ್ಟಾಯ್ತು, ಶಾಲೆ ಬಿಟ್ಟ ಮಕ್ಕಳು ಎಷ್ಟು, ಯಾಕೆ. ಒಂದು ಕಡೆಯಿಂದ ಮಕ್ಕಳು ಬಿಡಿಸಿದ ಚಿತ್ರದ ಥ್ಯಾಂಕ್ಸ್ ಕಾರ್ಡ್ ಬಂತು, ಮೇಲಿಂದ ಬ್ಯಾಂಕ್ ಖಾತೆ ನಂಬರ್. ಉತ್ತರ ಬರಲೇ ಇಲ್ಲ. ಇನ್ನೊಂದು ಕಡೆಯಿಂದ ಕೈಬರಹದ ಲೆಡ್ಜರ್ ಪುಟದ ಫೋಟೋ ಬಂತು. ಒಂದು ಮೂಲೆಯಲ್ಲಿ ಟೀ ಕಲೆ. ಎರಡು ತಿಂಗಳು ಸಂಬಳ ತಡವಾಗಿದೆ ಅಂತ ಅವರೇ ಬರೆದಿದ್ದರು, ರಿಪೇರಿಗೆ ಇಟ್ಟಿದ್ದ ದುಡ್ಡನ್ನು ಸಂಬಳಕ್ಕೆ ತಿರುಗಿಸಿ ಆಮೇಲೆ ವಾಪಸ್ ಹಾಕಿದ್ದನ್ನೂ ತಾರೀಖು ಸಮೇತ ತೋರಿಸಿದ್ದರು. ಒಂದು ಉದ್ದೇಶಕ್ಕೆ ಬಂದ ದುಡ್ಡನ್ನು ಇನ್ನೊಂದಕ್ಕೆ ತಿರುಗಿಸಬಾರದು, ಅದನ್ನು ಅವರಿಗೆ ಹೇಳಿದೆ. ಆದರೂ ನಾನು ಕೊಟ್ಟಿದ್ದು ಅವರಿಗೇ. ಕಷ್ಟ ಮುಚ್ಚಿಡದವರ ಜೊತೆ ಲೆಕ್ಕ ಸರಿಮಾಡಬಹುದು.

ಸಾಧ್ಯವಾದರೆ ಒಮ್ಮೆ ಹೋಗಿ, ಸಮಾರಂಭದ ದಿನ ಬೇಡ, ಮಾಮೂಲಿ ಶಾಲಾ ದಿನ ಇರಲಿ. ವರದಿಯಲ್ಲಿ ಇರುವಷ್ಟು ಮಕ್ಕಳು ತರಗತಿಯಲ್ಲಿ ಇದ್ದಾರಾ? ಟೀಚರ್ ಮತ್ತು ಮಕ್ಕಳು ಸರಾಗವಾಗಿ ಮಾತಾಡಿಕೊಳ್ಳುತ್ತಿದ್ದಾರಾ, ಇಲ್ಲ ಬೋರ್ಡ್ ಮೇಲಿನದನ್ನು ಸುಮ್ನೆ ನಕಲು ಮಾಡಿಸುತ್ತಿದ್ದಾರಾ? ಸನ್ನೆ ಬರದವರಿಗೂ ಇದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಹಾಸ್ಟೆಲ್ ಇದ್ದರೆ ರಾತ್ರಿ ಮಕ್ಕಳ ಜೊತೆ ಇರುವವರಿಗೆ ಸನ್ನೆ ಬರುತ್ತಾ ಅಂತ ತಪ್ಪದೆ ಕೇಳಿ. ಆ ಸಂಬಳವನ್ನು ಉಳಿಸೋಕೆ ಹೋಗುವ ಶಾಲೆಗಳಲ್ಲಿ ಮಗು ರಾತ್ರಿ ಹೊಟ್ಟೆ ನೋವು ಅಂತ ಹೇಳೋಕೂ ಆಗದೆ ಒದ್ದಾಡುತ್ತದೆ.

ಒಂದು ಮಗುವಿನ ಖರ್ಚು ವಹಿಸಿಕೊಳ್ಳುವುದು

ಮನಸ್ಸಿಗೆ ತುಂಬಾ ಹತ್ತಿರದ ದಾರಿ, ಲೆಕ್ಕಕ್ಕೆ ಸ್ವಲ್ಪ ದೂರದ್ದು. ಬಹಳಷ್ಟು ಕಡೆ ನಿಮ್ಮ ದುಡ್ಡು ಆ ಮಗುವಿನ ಹೆಸರಿನಲ್ಲಿ ಬಂದರೂ ಎಲ್ಲರ ನಿಧಿಗೆ ಸೇರುತ್ತದೆ. ಅದು ಒಳ್ಳೆಯದೇ, ಪಕ್ಕದಲ್ಲಿ ಕೂತ ಮಗುವಿಗೆ ದಾನಿ ಸಿಗಲಿಲ್ಲ ಅಂತ ಅದಕ್ಕೆ ಟೀಚರ್ ಇಲ್ಲದಿರೋಕೆ ಆಗುತ್ತಾ? ಆದರೆ ಅದನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಒಂದೇ ಮಗುವಿಗೆ ಎಷ್ಟು ದಾನಿಗಳು ಅಂತಲೂ ಕೇಳಿ. ಮಗುವಿನ ಫೋಟೋ, ಮನೆಯ ಕಥೆ ಎಲ್ಲ ಹೇರಳವಾಗಿ ಕಳಿಸುವ ಸಂಸ್ಥೆ ಮಗುವಿನ ಮತ್ತು ಹೆತ್ತವರ ಒಪ್ಪಿಗೆ ಯಾವ ಭಾಷೆಯಲ್ಲಿ ಪಡೆಯಿತು ಅನ್ನೋದು ನನಗೆ ಮುಖ್ಯ. ನೀವು ಮಧ್ಯದಲ್ಲಿ ನಿಲ್ಲಿಸಿದರೆ ಮಗುವಿನ ಓದು ನಿಲ್ಲುತ್ತದೆ ಅನ್ನುವವರಿಂದ ದೂರ ಇರಿ.

ಹಿಯರಿಂಗ್ ಏಡ್, ಇಂಪ್ಲಾಂಟ್ ಅಭಿಯಾನಗಳು

ಇಷ್ಟು ಹಣಕ್ಕೆ ಇಷ್ಟು ಮಕ್ಕಳಿಗೆ ಕಿವಿ ಕೇಳಿಸುತ್ತದೆ. ಕೇಳೋಕೆ ಚಂದ, ಲೆಕ್ಕವೂ ಸುಲಭ. ಬಿಲ್ ಇದೆ, ಸೀರಿಯಲ್ ನಂಬರ್ ಇದೆ, ಫೋಟೋ ಇದೆ. ಕಷ್ಟ ಶುರುವಾಗೋದು ಆಮೇಲೆ.

ಕಿವಿಯ ಹಿಂದೆ ಹಾಕುವ ಮೆಷಿನ್‌ನಿಂದ ಒಂದು ನಳಿಕೆ ಬಂದು ಕಿವಿಯೊಳಗಿನ ಇಯರ್ ಮೋಲ್ಡ್‌ಗೆ ಸೇರುತ್ತದೆ. ಆ ಮೋಲ್ಡ್ ಆ ಮಗುವಿನ ಕಿವಿಯ ಅಚ್ಚು ತೆಗೆದು ಮಾಡಿದ್ದು. ಮಗು ಬೆಳೆಯುತ್ತದೆ, ಕಿವಿಯೂ ಬೆಳೆಯುತ್ತದೆ. ಪುಟ್ಟ ಮಕ್ಕಳಿಗೆ ಕೆಲವೇ ತಿಂಗಳಲ್ಲಿ ಮೋಲ್ಡ್ ಸಡಿಲ ಆಗುತ್ತದೆ. ಆಗ ಶಬ್ದ ಹೊರಗೆ ಸೋರಿ ಮತ್ತೆ ಮೈಕ್‌ಗೆ ಹೋಗಿ ಕುಂಯ್ ಅಂತ ಸೀಟಿ ಹೊಡೆಯುತ್ತದೆ. ಸೀಟಿ ತಡೆಯೋಕೆ ಯಾರಾದರೂ ವಾಲ್ಯೂಮ್ ಕಡಿಮೆ ಮಾಡುತ್ತಾರೆ, ಮಗುವಿಗೆ ಏನೂ ಕೇಳಿಸಲ್ಲ, ಕೊನೆಗೆ ಮೆಷಿನ್ ಡಬ್ಬಿ ಸೇರುತ್ತದೆ. ಇನ್ನು ಬ್ಯಾಟರಿ. ಅನೇಕ ಮೆಷಿನ್‌ಗಳಿಗೆ ಹಾಕುವ ಬಿಲ್ಲೆಯಂಥ ಜಿಂಕ್-ಏರ್ ಬ್ಯಾಟರಿ ಕೆಲವು ದಿನದಿಂದ ಎರಡು ಮೂರು ವಾರ ಬರುತ್ತದೆ ಅಷ್ಟೆ. ಮೇಲಿನ ಸ್ಟಿಕ್ಕರ್ ಕಿತ್ತ ಕ್ಷಣದಿಂದ ಬಳಸದಿದ್ದರೂ ಸವೆಯುತ್ತದೆ.

ಹಾಗಾಗಿ ಇಂಥ ಅಭಿಯಾನದ ಲೆಕ್ಕದಲ್ಲಿ ನಾನು ಮೊದಲು ಹುಡುಕುವುದು ಮೋಲ್ಡ್, ಬ್ಯಾಟರಿ, ರಿಪೇರಿ, ಆಡಿಯಾಲಜಿಸ್ಟ್ (ಶ್ರವಣ ಪರೀಕ್ಷಿಸಿ ಮೆಷಿನ್ ಹೊಂದಿಸುವ ತಜ್ಞರು) ಸಂಬಳ ಅನ್ನುವ ಸಾಲುಗಳನ್ನು. ಮೆಷಿನ್ ಖರೀದಿ ದೊಡ್ಡದಾಗಿದ್ದು ಈ ಸಾಲುಗಳೇ ಇಲ್ಲ ಅಂದರೆ ಮುಂದಿನ ವರ್ಷದ ಹೊತ್ತಿಗೆ ಎಷ್ಟು ಮಕ್ಕಳ ಕಿವಿಯಲ್ಲಿ ಅದು ಇರುತ್ತದೆ ಯೋಚನೆ ಮಾಡಿ. ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗೆ ಇದು ಇನ್ನೂ ಜಾಸ್ತಿ ಅನ್ವಯ. ಆಪರೇಷನ್ ಆದ ಮೇಲೆ ವರ್ಷಗಟ್ಟಲೆ ಮ್ಯಾಪಿಂಗ್ (ಸಾಧನವನ್ನು ಆ ಮಗುವಿಗೆ ತಕ್ಕಂತೆ ಹೊಂದಿಸೋದು) ಮತ್ತು ಥೆರಪಿ ಬೇಕು, ಹೊರಗಿನ ಪ್ರೊಸೆಸರ್ ಕೆಟ್ಟರೆ ಬದಲಿಸಬೇಕು. ಅದರ ಹೊಣೆ ಯಾರದು, ಲಿಖಿತವಾಗಿ ಇದೆಯಾ ಅಂತ ನೋಡಿ. ಈಗಾಗಲೇ ಮೆಷಿನ್ ಇರುವ ಮಕ್ಕಳ ಶಾಲೆಗೆ ಒಂದು ವರ್ಷದ ಬ್ಯಾಟರಿ ಮತ್ತು ಮೋಲ್ಡ್ ಖರ್ಚು ಕೊಡುವುದು ಫೋಟೋಗೆ ಚಂದ ಕಾಣಲ್ಲ, ಆದರೆ ಹೊಸ ಮೆಷಿನ್ ಕೊಡುವುದಕ್ಕಿಂತ ಅದೇ ಎಷ್ಟೋ ಸಲ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಕಿವುಡರೇ ನಡೆಸುವ ಸಂಘಗಳು

ಇವರು ದಾನಿಗಳ ಕಣ್ಣಿಗೆ ಬೀಳುವುದೇ ಕಡಿಮೆ. ಹೆತ್ತವರಿಗೆ ಸನ್ನೆ ಭಾಷೆ ಕಲಿಸುವುದು, ಕಿವುಡ ಯುವಕ ಯುವತಿಯರಿಗೆ ಟೀಚರ್ ತರಬೇತಿ, ಶಾಲೆಗೆ ಹೋಗುವ ಮುಂಚಿನ ಪುಟಾಣಿಗಳ ಮನೆಗೆ ಹೋಗಿ ಭಾಷೆ ಕೊಡುವುದು ಇಂಥ ಕೆಲಸ. ತೋರಿಸೋಕೆ ಕಟ್ಟಡ ಇಲ್ಲ, ಮೆಷಿನ್ ಇಲ್ಲ. ಖರ್ಚೆಲ್ಲ ಸಂಬಳ, ಬಸ್ ಚಾರ್ಜ್, ದುಭಾಷಿಯ ಫೀಸ್. ಹಾಗಾಗಿ ಬರೀ ಪರ್ಸೆಂಟ್ ನೋಡುವವರಿಗೆ ಇದು ಇಷ್ಟ ಆಗಲ್ಲ. ಭಾಷೆ ಬರಬೇಕು ಅನ್ನುವ ನನ್ನ ಅಳತೆಗೆ ಇದಕ್ಕಿಂತ ನೇರವಾಗಿ ಮುಟ್ಟುವ ದುಡ್ಡು ಇನ್ನೊಂದಿಲ್ಲ.

ಲೆಕ್ಕ ಇಲ್ಲೂ ಬೇಕು, ರಿಯಾಯಿತಿ ಇಲ್ಲ. ಆದರೆ ಉದ್ದುದ್ದ ಲಿಖಿತ ವರದಿಯನ್ನೇ ಕೇಳಬೇಡಿ. ಅಂಕಿಗಳ ಪಟ್ಟಿ ಮತ್ತು ಸನ್ನೆ ಭಾಷೆಯಲ್ಲಿ ವಿಡಿಯೋ ವರದಿ, ಕೆಳಗೆ ಅಕ್ಷರದಲ್ಲಿ ಅನುವಾದ ಇದ್ದರೆ ಸಾಕು ಅಂತ ನೀವೇ ಹೇಳಿ. ಲೆಕ್ಕಿಗರನ್ನು ಇಟ್ಟುಕೊಳ್ಳೋಕೆ ಸ್ವಲ್ಪ ಹಣವನ್ನು ಬೇರೆಯಾಗಿಯೇ ಕೊಡಿ, ಮುಂದಿನ ವರ್ಷದಿಂದ ಬೇರೆ ದಾನಿಗಳೂ ಅವರನ್ನು ನಂಬುತ್ತಾರೆ.

ನಿಮಗೆ ಯಾವುದು?

ಒಂದೇ ಸಲ ಸಣ್ಣ ಮೊತ್ತ ಕೊಡುವುದಾದರೆ ಬ್ಯಾಟರಿ, ಮೋಲ್ಡ್, ರಿಪೇರಿಯ ಖರ್ಚಿಗೆ ಕೊಡಿ. ಲೆಕ್ಕ ಒಂದು ಪುಟದಲ್ಲಿ ಮುಗಿಯುತ್ತದೆ, ನೀವು ಬೆನ್ನು ಹತ್ತಬೇಕಾಗಿಲ್ಲ. ತಿಂಗಳು ತಿಂಗಳು ಸ್ವಲ್ಪ ಕೊಡಬಲ್ಲಿರಾದರೆ ಸಣ್ಣ ಶಾಲೆಯ ಸಂಬಳಕ್ಕೆ, ಯಾಕಂದರೆ ಸಂಬಳಕ್ಕೆ ಬೇಕಿರೋದು ಮೊತ್ತಕ್ಕಿಂತ ಹೆಚ್ಚಾಗಿ ನಿಲ್ಲದೆ ಬರುವ ಭರವಸೆ. ದೊಡ್ಡ ಮೊತ್ತ ಇದೆ, ಸಮಯ ಇಲ್ಲ ಅಂದರೆ ವಿಭಾಗವಾರು ಲೆಕ್ಕ ತೋರಿಸುವ ದೊಡ್ಡ ಸಂಸ್ಥೆ. ದೊಡ್ಡ ಮೊತ್ತವೂ ಇದೆ, ಸಮಯವೂ ಇದೆ ಅಂದರೆ ಕಿವುಡರ ಸಂಘಕ್ಕೆ ಎರಡು ಮೂರು ವರ್ಷದ ಟೀಚರ್ ತರಬೇತಿಗೆ ಕೊಡಿ, ಕಂತುಗಳಲ್ಲಿ, ಹಿಂದಿನ ಕಂತಿನ ಲೆಕ್ಕ ಬಂದ ಮೇಲೆ ಮುಂದಿನದು. ಕಟ್ಟಡಕ್ಕೆ ಕೊಡಬೇಕು ಅಂತ ಹಠ ಇದ್ದರೆ ಆ ಜಾಗ ಯಾರ ಹೆಸರಿನಲ್ಲಿದೆ ಅಂತ ಪತ್ರ ನೋಡಿಯೇ ಕೊಡಿ. ಟ್ರಸ್ಟ್ ಹೆಸರಿನಲ್ಲಿ ಇಲ್ಲದಿದ್ದರೆ ಬೇಡ.

ಯಾವ ದಾರಿ ಹಿಡಿದರೂ ದುಡ್ಡು ಕಳಿಸುವಾಗ ಎರಡು ಸಾಲು ಬರೆದು ಕಳಿಸಿ: ಇದು ಯಾವುದಕ್ಕೆ, ಲೆಕ್ಕ ಯಾವ ತಿಂಗಳಲ್ಲಿ ಬೇಕು. ಅದರ ಪ್ರತಿ ಇಟ್ಟುಕೊಳ್ಳಿ. ಹೇಳಿದ ತಿಂಗಳು ದಾಟಿದರೆ ಒಮ್ಮೆ ನೆನಪಿಸಿ, ತಡ ಆಗೋಕೆ ಕಾರಣ ಹೇಳಿದರೆ ಕಾಯಿರಿ. ಎರಡನೇ ಸಲವೂ ಉತ್ತರ ಬರದಿದ್ದರೆ ಮುಂದಿನ ಕಂತನ್ನು ಬೇರೆ ಶಾಲೆಗೆ ಕೊಡಿ, ಯಾಕೆ ಕೊಡುತ್ತಿಲ್ಲ ಅಂತ ಇವರಿಗೂ ಬರೆದು ತಿಳಿಸಿ.